ಟಿ-ಬೋನ್ ವಾಕರ್

ಆರನ್ ಥಿಬೋ ವಾಕರ್ (28 ಮೇ 1910 – 16 ಮಾರ್ಚ್ 1975) ಅಮೆರಿಕದ ಬ್ಲೂಸ್ ಗಿಟಾರ್ ವಾದಕರು, ಗಾಯಕರು ಹಾಗೂ ಗೀತರಚನಕಾರರು. ಟಿ-ಬೋನ್ ವಾಕರ್ ಎಂಬ ಹೆಸರಿನಿಂದಲೇ ಇವರು ಪ್ರಸಿದ್ಧರು. ವಿದ್ಯುತ್ ಗಿಟಾರನ್ನು ಬ್ಲೂಸ್ ಸಂಗೀತದ ಮುಖ್ಯ ವಾದ್ಯವನ್ನಾಗಿ ರೂಪಿಸಿದವರಲ್ಲಿ ಇವರು ಮೊದಲಿಗರು. ಒಂಟಿ ಸ್ವರಗಳಲ್ಲಿ ಹೆಣೆದ ಇವರ ಗಿಟಾರ್ ನುಡಿಸಾಣಿಕೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅದಕ್ಕಿಂತ ಕಡಿಮೆ ಗಮನ ಪಡೆದದ್ದು ಇವರ ಸ್ವರಮೇಳಗಳ ಬಳಕೆ. ಮೂರೇ ಸ್ವರಮೇಳಗಳ ಮೇಲೆ ನಿಂತಿದ್ದ ಬ್ಲೂಸ್ ಚೌಕಟ್ಟನ್ನು ಮುರಿಯದೆ, ಅದರೊಳಗೇ ಜಾಝ್ ವಾದ್ಯವೃಂದಗಳ ಸ್ವರಮೇಳಗಳನ್ನು ತಂದು ಕೂರಿಸಿದ್ದು ವಾಕರ್ ಅವರ ದೊಡ್ಡ ಕೊಡುಗೆ. 1947ರಲ್ಲಿ ಧ್ವನಿಮುದ್ರಣಗೊಂಡ 'ಕಾಲ್ ಇಟ್ ಸ್ಟಾರ್ಮಿ ಮಂಡೇ' ಇವರ ಅತ್ಯಂತ ಪ್ರಸಿದ್ಧ ರಚನೆ.

ಬಾಲ್ಯ

ವಾಕರ್ ಅವರು ಟೆಕ್ಸಸ್ ರಾಜ್ಯದ ಲಿಂಡನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ರಾನ್ಸ್ ವಾಕರ್, ತಾಯಿ ಮೊವೀಲಿಯಾ. ಕುಟುಂಬವು ಆಫ್ರಿಕನ್-ಅಮೆರಿಕನ್ ಹಾಗೂ ಚೆರೋಕಿ ಮೂಲಕ್ಕೆ ಸೇರಿದುದು. ತಂದೆತಾಯಿ ಬೇರೆಯಾದ ಬಳಿಕ ತಾಯಿ ಮಗುವಿನೊಂದಿಗೆ ಡಲ್ಲಾಸ್ ನಗರಕ್ಕೆ ಬಂದು ನೆಲೆಸಿದರು. ಮಗನ ಮಧ್ಯನಾಮವಾದ ಥಿಬೋ ಎಂಬುದೇ ಜನರ ಬಾಯಲ್ಲಿ ಸವೆದು ಟಿ-ಬೋನ್ ಎಂದಾಯಿತು. ಮಾಂಸದ ಖಾದ್ಯವೊಂದಕ್ಕೂ ಅದೇ ಹೆಸರಿರುವುದರಿಂದ ಅಡ್ಡಹೆಸರು ಅಲ್ಲಿಂದ ಬಂದಿತೆಂದು ಭಾವಿಸುವವರಿದ್ದಾರೆ; ಅದು ಸರಿಯಲ್ಲ.

ಮಲತಂದೆ ಮಾರ್ಕೊ ವಾಷಿಂಗ್ಟನ್ ಹಲವು ತಂತಿವಾದ್ಯಗಳನ್ನು ಬಲ್ಲವರಾಗಿದ್ದು, ಡಲ್ಲಾಸ್ ಸ್ಟ್ರಿಂಗ್ ಬ್ಯಾಂಡ್ ಎಂಬ ತಂಡದಲ್ಲಿ ನುಡಿಸುತ್ತಿದ್ದರು. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್, ಯುಕುಲೇಲಿಗಳ ಮೊದಲ ಪಾಠ ಬಾಲಕನಿಗೆ ಮನೆಯಲ್ಲಿಯೇ ದೊರೆಯಿತು. ಆ ಮನೆಗೆ ಬಂದುಹೋಗುತ್ತಿದ್ದವರಲ್ಲಿ ಕುರುಡ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್ ಒಬ್ಬರು. 1920ರ ದಶಕದಲ್ಲಿ ಧ್ವನಿಮುದ್ರಿಕೆಗಳ ಮೂಲಕ ಅಮೆರಿಕದ ಕಪ್ಪುಜನರ ನಡುವೆ ಮನೆಮಾತಾದ ಜೆಫರ್ಸನ್ ಅವರ ಕೈಹಿಡಿದು ಡಲ್ಲಾಸ್‌ನ ಬೀದಿಗಳಲ್ಲಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಕರೆದೊಯ್ಯುವುದು, ಕೇಳುಗರು ಕೊಟ್ಟ ಕಾಸನ್ನು ಲೋಟದಲ್ಲಿ ಸಂಗ್ರಹಿಸುವುದು ಬಾಲಕ ವಾಕರ್ ಅವರ ಕೆಲಸವಾಗಿತ್ತು. ಶಾಲೆಯ ಓದು ಹತ್ತನೆಯ ವಯಸ್ಸಿನ ಹೊತ್ತಿಗೇ ನಿಂತಿತು. ಹದಿನೈದರ ಹೊತ್ತಿಗೆ ಅವರು ಸಂಪಾದಿಸುವ ಕಲಾವಿದರಾಗಿದ್ದರು. ಔಷಧಿ ಮಾರುವವರು ಜನ ಸೇರಿಸಲು ಏರ್ಪಡಿಸುತ್ತಿದ್ದ ಸಂಚಾರಿ ಪ್ರದರ್ಶನಗಳಲ್ಲಿ ಹಾಡಿದರು, ಕುಣಿದರು. ಗಾಯಕಿ ಐಡಾ ಕಾಕ್ಸ್ ಅವರ ತಂಡದೊಂದಿಗೆ ಪ್ರವಾಸ ಮಾಡಿದರು. ಮುಂದೆ ವೇದಿಕೆಯ ಮೇಲೆ ಗಿಟಾರನ್ನು ತಲೆಯ ಹಿಂದೆ ಹಿಡಿದು ನುಡಿಸುವುದು, ನುಡಿಸುತ್ತಲೇ ಎರಡು ಕಾಲುಗಳನ್ನೂ ನೆಲಕ್ಕೆ ಚಾಚಿ ಕೂರುವುದು ಮುಂತಾದ ಅವರ ಚಮತ್ಕಾರಗಳ ಬೇರು ಈ ದಿನಗಳಲ್ಲಿದೆ.

1929ರಲ್ಲಿ ಕೊಲಂಬಿಯಾ ಸಂಸ್ಥೆಗಾಗಿ ಅವರ ಮೊದಲ ಧ್ವನಿಮುದ್ರಣ ನಡೆಯಿತು. ಅವರು ವಾಸವಾಗಿದ್ದ ಓಕ್ ಕ್ಲಿಫ್ ಬಡಾವಣೆಯ ಹೆಸರನ್ನು ಸೇರಿಸಿ ಕಲಾವಿದರ ಹೆಸರನ್ನು ಓಕ್ ಕ್ಲಿಫ್ ಟಿ-ಬೋನ್ ಎಂದು ಮುದ್ರಿಸಲಾಯಿತು. 'ವಿಚಿಟಾ ಫಾಲ್ಸ್ ಬ್ಲೂಸ್' ಹಾಗೂ 'ಟ್ರಿನಿಟಿ ರಿವರ್ ಬ್ಲೂಸ್' ಎಂಬ ಆ ಎರಡು ಹಾಡುಗಳಲ್ಲಿ ಕೇಳುವುದು ಆ ಕಾಲದ ಟೆಕ್ಸಸ್ ಬ್ಲೂಸ್. ಮುಂದಿನ ವಾಕರ್ ಅಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ. ಮುಂದಿನ ಹತ್ತು ವರ್ಷಗಳ ಕಾಲ ಅವರ ಹೆಸರಿನಲ್ಲಿ ಯಾವ ಮುದ್ರಿಕೆಯೂ ಹೊರಬರಲಿಲ್ಲ.

ವಾದ್ಯವೃಂದಗಳ ನಡುವೆ

ಈ ಹತ್ತು ವರ್ಷಗಳೇ ವಾಕರ್ ಅವರ ಸಂಗೀತವನ್ನು ಬದಲಿಸಿದವು. ಲಾಸನ್ ಬ್ರೂಕ್ಸ್ ಅವರ ವಾದ್ಯವೃಂದದಲ್ಲಿ ನುಡಿಸುತ್ತಾ ಅವರು ಟೆಕ್ಸಸ್, ಒಕ್ಲಹೋಮಾ ರಾಜ್ಯಗಳಲ್ಲಿ ಸಂಚರಿಸಿದರು. ಒಕ್ಲಹೋಮಾ ನಗರದಲ್ಲಿ ಚಕ್ ರಿಚರ್ಡ್‌ಸನ್ ಎಂಬ ಶಿಕ್ಷಕರ ಬಳಿ ಗಿಟಾರ್ ಪಾಠ ಹೇಳಿಸಿಕೊಂಡರು. ಅದೇ ಶಿಕ್ಷಕರ ಬಳಿ ಕಲಿತ ಇನ್ನೊಬ್ಬ ತರುಣ ಚಾರ್ಲಿ ಕ್ರಿಸ್ಟಿಯನ್. ಮುಂದೆ ಬೆನ್ನಿ ಗುಡ್‌ಮನ್ ಅವರ ತಂಡ ಸೇರಿ ಜಾಝ್ ಗಿಟಾರಿನ ದಿಕ್ಕನ್ನೇ ಬದಲಿಸಿ, 25ನೇ ವಯಸ್ಸಿನಲ್ಲಿ ತೀರಿಕೊಂಡವರು ಇವರೇ. ವಾಕರ್ ಬ್ರೂಕ್ಸ್ ತಂಡವನ್ನು ಬಿಟ್ಟಾಗ ಆ ಸ್ಥಾನಕ್ಕೆ ಬಂದವರೂ ಕ್ರಿಸ್ಟಿಯನ್ ಅವರೇ. ವಿದ್ಯುತ್ ಗಿಟಾರಿನ ಜಾಝ್ ಹಾಗೂ ಬ್ಲೂಸ್ ಪರಂಪರೆಗಳ ಇಬ್ಬರು ಮೂಲಪುರುಷರು ಒಂದೇ ಶಿಕ್ಷಕರಿಂದ ಪಾಠ ಕಲಿತು, ಒಂದೇ ವೃಂದದ ಒಂದೇ ಕುರ್ಚಿಯಲ್ಲಿ ಒಬ್ಬರ ಬಳಿಕ ಒಬ್ಬರು ಕುಳಿತದ್ದು ಸಂಗೀತದ ಇತಿಹಾಸದಲ್ಲಿ ಅಪರೂಪದ ಸಂಗತಿ.

ಹಳ್ಳಿಗಾಡಿನ ಬ್ಲೂಸ್ ವಾದಕ ಒಬ್ಬನೇ ಕುಳಿತು ನುಡಿಸುವವನು. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ತಾಳ ಹಿಡಿಯುತ್ತದೆ, ಉಳಿದ ಬೆರಳುಗಳು ಹಾಡಿಗೆ ಉತ್ತರ ಕೊಡುತ್ತವೆ. ಹಾಗಾಗಿ ಒತ್ತದೆ ಬಿಟ್ಟ ತಂತಿಗಳು ಸಹಜವಾಗಿ ಅನುರಣಿಸುವ ಇ ಮತ್ತು ಎ ಶ್ರುತಿಗಳು ಅವನಿಗೆ ಅನುಕೂಲ. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳಿರುವ ವೃಂದದಲ್ಲಿ ಪರಿಸ್ಥಿತಿ ಬೇರೆ. ಆ ವಾದ್ಯಗಳಿಗೆ ಒಗ್ಗುವ ಬಿ-ಫ್ಲಾಟ್, ಇ-ಫ್ಲಾಟ್‌ನಂತಹ ಶ್ರುತಿಗಳಲ್ಲಿ ಗಿಟಾರಿನ ಬಿಟ್ಟ ತಂತಿಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮಂದ್ರ ಸ್ವರಗಳನ್ನು ನೋಡಿಕೊಳ್ಳಲು ಬಾಸ್ ವಾದಕರಿದ್ದಾರೆ, ತಾಳಕ್ಕೆ ಡ್ರಮ್ ಇದೆ. ಗಿಟಾರಿಗೆ ಉಳಿಯುವುದು ನಡುವಿನ ಹಾಗೂ ಮೇಲಿನ ತಂತಿಗಳಲ್ಲಿ ಚುಟುಕಾಗಿ ನುಡಿಸಿ ನಿಲ್ಲಿಸುವ ಸ್ವರಮೇಳಗಳು. ಕೈಯ ಒಂದೇ ಆಕಾರವನ್ನು ಗಿಟಾರಿನ ಕತ್ತಿನ ಉದ್ದಕ್ಕೂ ಮೇಲೆ ಕೆಳಗೆ ಸರಿಸಿದರೆ ಯಾವ ಶ್ರುತಿಯಲ್ಲಾದರೂ ನುಡಿಸಬಹುದು. ವಾಕರ್ ಕಲಿತದ್ದು ಈ ವಿದ್ಯೆಯನ್ನು.

1935ರಲ್ಲಿ ವೈಡಾ ಲೀ ಅವರನ್ನು ವಿವಾಹವಾದ ವಾಕರ್, ಬಳಿಕ ಲಾಸ್ ಏಂಜಲೀಸ್‌ಗೆ ವಲಸೆ ಹೋದರು. ಅಲ್ಲಿನ ಸೆಂಟ್ರಲ್ ಅವೆನ್ಯೂ ಆಗ ಕಪ್ಪುಜನರ ಸಂಗೀತದ ಕೇಂದ್ರವಾಗಿತ್ತು. ಆರಂಭದಲ್ಲಿ ಕ್ಲಬ್ಬುಗಳಲ್ಲಿ ನರ್ತಕರಾಗಿ, ಗಾಯಕರಾಗಿಯೇ ಹೆಚ್ಚು ಪರಿಚಿತರಾದರು. 1940ರಲ್ಲಿ ಲೆಸ್ ಹೈಟ್ ಅವರ ವೃಂದದೊಂದಿಗೆ 'ಟಿ-ಬೋನ್ ಬ್ಲೂಸ್' ಧ್ವನಿಮುದ್ರಣಗೊಂಡಿತು. ಹಾಡಿನ ಶೀರ್ಷಿಕೆಯಲ್ಲಿ ಅವರ ಹೆಸರಿದ್ದರೂ ಅದರಲ್ಲಿ ಗಿಟಾರ್ ನುಡಿಸಿದವರು ಫ್ರ್ಯಾಂಕ್ ಪ್ಯಾಸ್ಲಿ; ವಾಕರ್ ಹಾಡಿದ್ದಾರೆ ಮಾತ್ರ.

ಗಿಟಾರ್ ವಾದಕರಾಗಿ ಅವರು ಮುದ್ರಿಕೆಯಲ್ಲಿ ಪೂರ್ಣವಾಗಿ ಕೇಳಿಬಂದದ್ದು 1942ರ ಜುಲೈನಲ್ಲಿ. ಕ್ಯಾಪಿಟಲ್ ಸಂಸ್ಥೆಗಾಗಿ ಪಿಯಾನೊ ವಾದಕ ಫ್ರೆಡಿ ಸ್ಲ್ಯಾಕ್ ಅವರೊಂದಿಗೆ 'ಮೀನ್ ಓಲ್ಡ್ ವರ್ಲ್ಡ್' ಮತ್ತು 'ಐ ಗಾಟ್ ಎ ಬ್ರೇಕ್, ಬೇಬಿ' ಎಂಬ ಎರಡು ಹಾಡುಗಳನ್ನು ಮುದ್ರಿಸಿದರು. ವಿದ್ಯುತ್ ಗಿಟಾರ್ ಬ್ಲೂಸ್‌ನ ಮೊದಲ ಮಹತ್ವದ ಮುದ್ರಣಗಳೆಂದು ಇವನ್ನು ಪರಿಗಣಿಸಲಾಗಿದೆ. ಆದರೆ ಆಗಸ್ಟ್ 1ರಂದು ಅಮೆರಿಕದ ಸಂಗೀತಗಾರರ ಒಕ್ಕೂಟವು ಧ್ವನಿಮುದ್ರಣದ ವಿರುದ್ಧ ಮುಷ್ಕರ ಆರಂಭಿಸಿತು. ಹೊಸ ದಾರಿಯನ್ನು ಕಂಡುಕೊಂಡ ಕಲಾವಿದರಿಗೆ ಅದನ್ನು ಮುಂದುವರಿಸಿ ಮುದ್ರಿಸುವ ಅವಕಾಶವೇ ಕೆಲಕಾಲ ಇಲ್ಲವಾಯಿತು. ಆ ವರ್ಷಗಳಲ್ಲಿ ಷಿಕಾಗೊದ ರಂಬೂಗಿ ಕ್ಲಬ್ ಅವರಿಗೆ ಆಸರೆಯಾಯಿತು.

ಸ್ಟಾರ್ಮಿ ಮಂಡೇ

1946ರಿಂದ 1947ರವರೆಗೆ ಬ್ಲ್ಯಾಕ್ ಅಂಡ್ ವೈಟ್ ಎಂಬ ಸಣ್ಣ ಸಂಸ್ಥೆಗಾಗಿ ವಾಕರ್ ಮಾಡಿದ ಮುದ್ರಣಗಳು ಅವರ ಜೀವನದ ಅತ್ಯುತ್ತಮ ಕೆಲಸ. 1947ರ ಸೆಪ್ಟೆಂಬರ್‌ನಲ್ಲಿ ರಾಲ್ಫ್ ಬಾಸ್ ಅವರ ನಿರ್ಮಾಣದಲ್ಲಿ 'ಕಾಲ್ ಇಟ್ ಸ್ಟಾರ್ಮಿ ಮಂಡೇ' ಹಾಡನ್ನು ಮುದ್ರಿಸಲಾಯಿತು. ಟೆಡ್ಡಿ ಬಕ್ನರ್ ಟ್ರಂಪೆಟ್, ಬಂಪ್ಸ್ ಮೈಯರ್ಸ್ ಸ್ಯಾಕ್ಸೊಫೋನ್, ಲಾಯ್ಡ್ ಗ್ಲೆನ್ ಪಿಯಾನೊ ನುಡಿಸಿದರು. ವಾರದ ದಿನಗಳ ದಣಿವು, ಶುಕ್ರವಾರದ ಸಂಬಳ, ಶನಿವಾರದ ಮೋಜು, ಭಾನುವಾರದ ಪ್ರಾರ್ಥನೆ – ದುಡಿಯುವ ಮನುಷ್ಯನ ಒಂದು ವಾರವೇ ಹಾಡಿನ ವಸ್ತು. ಬಿಲ್‌ಬೋರ್ಡ್ ಪತ್ರಿಕೆಯ ರೇಸ್ ರೆಕಾರ್ಡ್ಸ್ ಪಟ್ಟಿಯಲ್ಲಿ ಇದು 1948ರಲ್ಲಿ 5ನೇ ಸ್ಥಾನಕ್ಕೇರಿತು. ಕಪ್ಪುಜನರ ಸಂಗೀತವನ್ನು ಆಗ ಆ ಹೆಸರಿನ ಪ್ರತ್ಯೇಕ ಪಟ್ಟಿಯಲ್ಲಿಟ್ಟು ಎಣಿಸಲಾಗುತ್ತಿತ್ತು. ವಾಕರ್ ಅವರದೇ 'ಬಾಬಿ ಸಾಕ್ಸ್ ಬ್ಲೂಸ್' ಇದಕ್ಕಿಂತ ಮೇಲಿನ ಸ್ಥಾನ ಪಡೆದಿತ್ತು; ಇಂದು ಅದನ್ನು ನೆನೆಯುವವರು ಕಡಿಮೆ.

ಹಾಡಿನ ಖ್ಯಾತಿಯೇ ಅದರ ಕರ್ತೃವಿಗೆ ನಷ್ಟವನ್ನೂ ತಂದಿತು. 1942ರಲ್ಲಿ ಅರ್ಲ್ ಹೈನ್ಸ್ ಅವರ ವೃಂದ, ಬಿಲ್ಲಿ ಎಕ್‌ಸ್ಟೈನ್ ಅವರ ಗಾಯನದಲ್ಲಿ 'ಸ್ಟಾರ್ಮಿ ಮಂಡೇ ಬ್ಲೂಸ್' ಎಂಬ ಹಾಡನ್ನು ಮುದ್ರಿಸಿತ್ತು. ಎರಡೂ ಹಾಡುಗಳ ಸಾಹಿತ್ಯ, ಸಂಗೀತ ಬೇರೆ ಬೇರೆ. ಆದರೆ ವಾಕರ್ ಅವರ ಹಾಡನ್ನು ಮುಂದೆ ಹಾಡಿದ ಹಲವರು ಶೀರ್ಷಿಕೆಯನ್ನು ಮೊಟಕುಗೊಳಿಸಿದರು ಅಥವಾ ಹಳೆಯ ಹಾಡಿನ ಶೀರ್ಷಿಕೆಯನ್ನೇ ಮುದ್ರಿಸಿದರು. ಇದರಿಂದ ರಚನಕಾರರ ಜಾಗದಲ್ಲಿ ಹೈನ್ಸ್ ಮತ್ತು ಸಂಗಡಿಗರ ಹೆಸರು ಸೇರಿಕೊಂಡು, ಗೌರವಧನವೂ ಅತ್ತ ಹರಿಯಿತು. ನೂರಾರು ಕಲಾವಿದರು ಹಾಡಿದ ಹಾಡಿನ ಗಳಿಕೆಯ ಒಂದು ಭಾಗ ಅದನ್ನು ಬರೆದವರ ಕೈಸೇರಲಿಲ್ಲ.

ಸ್ವರಮೇಳಗಳ ವೈವಿಧ್ಯ

ಬ್ಲೂಸ್‌ನ ರೂಢಿಯ ಚೌಕಟ್ಟು ಹನ್ನೆರಡು ಬಾರ್‌ಗಳ ಒಂದು ಆವರ್ತ. ಪ್ರತಿ ಬಾರ್‌ಗೆ ನಾಲ್ಕು ಎಣಿಕೆ. ಈ ಆವರ್ತದಲ್ಲಿ ಆಧಾರ ಸ್ವರ, ಅದರ ನಾಲ್ಕನೆಯ ಸ್ವರ ಹಾಗೂ ಐದನೆಯ ಸ್ವರಗಳ ಮೇಲೆ ಕಟ್ಟಿದ ಮೂರು ಸ್ವರಮೇಳಗಳು ಬರುತ್ತವೆ. ಕರ್ನಾಟಕ ಸಂಗೀತದ ಪರಿಚಯವುಳ್ಳವರು ಇವನ್ನು ಷಡ್ಜ, ಶುದ್ಧ ಮಧ್ಯಮ, ಪಂಚಮಗಳ ಸ್ಥಾನಗಳೆಂದು ತಿಳಿಯಬಹುದು. ವಿಳಂಬ ಗತಿಯ ಹಾಡಿನಲ್ಲಿ ಒಂದೇ ಸ್ವರಮೇಳ ನಾಲ್ಕು ಬಾರ್‌ಗಳವರೆಗೆ ನಿಂತಾಗ ಕಿವಿಗೆ ಏಕತಾನವೆನಿಸುವುದು ಸಹಜ. ವಾಕರ್ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು. ಗಿಟಾರ್ ಕಲಿಯುವವರಿಗೆ ಇಂದಿಗೂ ಇದನ್ನು ಹೇಳಿಕೊಡಲಾಗುತ್ತದೆ.

ಸಾಮಾನ್ಯ ಬ್ಲೂಸ್ ಸ್ವರಮೇಳದಲ್ಲಿ ಆಧಾರ ಸ್ವರದೊಂದಿಗೆ ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದಗಳು ಸೇರುತ್ತವೆ. ಇದನ್ನು ಏಳನೆಯದರ ಸ್ವರಮೇಳ ಎನ್ನುತ್ತಾರೆ. ಇದಕ್ಕೆ ಮೇಲಿನ ಚತುಶ್ರುತಿ ರಿಷಭವನ್ನು ಸೇರಿಸಿದರೆ ಒಂಬತ್ತನೆಯದರ ಸ್ವರಮೇಳವಾಗುತ್ತದೆ. ಬ್ಲೂಸ್‌ನ ಒರಟುತನ ಇದರಿಂದ ಹೋಗುವುದಿಲ್ಲ, ಆದರೆ ನಾದ ತುಂಬಿಕೊಳ್ಳುತ್ತದೆ. ಜಿ ಶ್ರುತಿಯಲ್ಲಿ ಈ ಸ್ವರಮೇಳವನ್ನು ನುಡಿಸುವಾಗ ಗಿಟಾರಿನ ತೆಳ್ಳನೆಯ ಮೂರು ತಂತಿಗಳನ್ನು ಹತ್ತನೆಯ ಮೆಟ್ಟಿಲಿನಲ್ಲಿ ಒಂದೇ ಬೆರಳಿನಿಂದ ಅಡ್ಡಲಾಗಿ ಒತ್ತಲಾಗುತ್ತದೆ. ಆಗ ನುಡಿಯುವ ಎಫ್, ಎ, ಡಿ ಸ್ವರಗಳು ಕ್ರಮವಾಗಿ ಕೈಶಿಕಿ ನಿಷಾದ, ಚತುಶ್ರುತಿ ರಿಷಭ ಮತ್ತು ಪಂಚಮ. ಬೆರಳನ್ನು ಎತ್ತದೆ ಎರಡು ಮೆಟ್ಟಿಲು ಮೇಲಕ್ಕೆ, ಹನ್ನೆರಡನೆಯದಕ್ಕೆ ಸರಿಸಿದರೆ ಸಿಗುವುದು ಜಿ, ಬಿ, ಇ: ಷಡ್ಜ, ಅಂತರ ಗಾಂಧಾರ, ಚತುಶ್ರುತಿ ಧೈವತ. ಇದು ಆರನೆಯದರ ಸ್ವರಮೇಳ. ಎರಡೂ ಜಿ ಸ್ವರಮೇಳಗಳೇ ಆದ್ದರಿಂದ ಬಾಸ್ ವಾದಕ ಜಿ ಸ್ವರದಲ್ಲೇ ನಿಂತಿರಬಹುದು, ಹಾಡುಗಾರ ಎಂದಿನಂತೆ ಹಾಡಬಹುದು. ಗಿಟಾರ್ ಮಾತ್ರ ಆರನೆಯದರಿಂದ ಒಂಬತ್ತನೆಯದಕ್ಕೆ ಜಾರುತ್ತಾ ನಿಂತ ನೀರನ್ನು ಕಲಕಿದಂತೆ ಸ್ವರಮೇಳವನ್ನು ಅಲುಗಾಡಿಸುತ್ತಿರುತ್ತದೆ. ಸ್ಟಾರ್ಮಿ ಮಂಡೇ ಶೈಲಿ ಎಂದು ವಾದಕರು ಕರೆಯುವುದು ಮುಖ್ಯವಾಗಿ ಈ ಜಾರುವಿಕೆಯನ್ನು. ಸ್ಯಾಕ್ಸೊಫೋನ್‌ಗಳು ಗುಂಪಾಗಿ ಒಂದು ಸ್ವರಸಮೂಹದಿಂದ ಇನ್ನೊಂದಕ್ಕೆ ಇಳಿಯುವುದನ್ನು ಕೇಳಿದವರಿಗೆ ಇದರ ಮೂಲ ಎಲ್ಲಿಯದೆಂದು ತಿಳಿಯದಿರದು.

ಎರಡನೆಯ ತಂತ್ರ ಅರ್ಧಸ್ವರದ ಅಂತರದಿಂದ ಬಂದು ಸೇರುವುದು. ಸಿ ಸ್ವರಮೇಳಕ್ಕೆ ಹೋಗಬೇಕಾದಾಗ ನೇರವಾಗಿ ಹೋಗದೆ, ಒಂದು ಮೆಟ್ಟಿಲು ಮೇಲೆ ಅದೇ ಆಕಾರವನ್ನು ಕ್ಷಣಕಾಲ ಮುಟ್ಟಿ ಇಳಿಯುವುದು. ಆ ಕ್ಷಣದ ಸ್ವರಮೇಳ ಹಾಡಿನ ಶ್ರುತಿಗೆ ಸೇರಿದ್ದಲ್ಲ. ಹಾಗಾಗಿಯೇ ಮುಂದಿನದು ಬಂದಾಗ ಮನೆ ಸೇರಿದಂತಾಗುತ್ತದೆ. ಆವರ್ತದ ಕೊನೆಯಲ್ಲಿ ಐದನೆಯದರ ಸ್ವರಮೇಳದ ಪಂಚಮವನ್ನು ಅರ್ಧಸ್ವರ ಏರಿಸಿ ನುಡಿಸುವುದು ಈ ಶೈಲಿಯವರು ರೂಢಿಸಿಕೊಂಡ ಇನ್ನೊಂದು ಪದ್ಧತಿ. ಅದರ ಬಿಗಿತ ಕೇಳುಗರನ್ನು ಮುಂದಿನ ಆವರ್ತಕ್ಕೆ ತಳ್ಳುತ್ತದೆ.

ಇವುಗಳಲ್ಲಿ ಯಾವುದನ್ನೂ ವಾಕರ್ ಮೊದಲಬಾರಿಗೆ ಸೃಷ್ಟಿಸಿದರೆಂದು ಹೇಳುವಂತಿಲ್ಲ. ಒಂಬತ್ತನೆಯದರ ಸ್ವರಮೇಳಗಳು ಜಾಝ್ ವೃಂದಗಳಲ್ಲಿ ಮೊದಲೇ ಬಳಕೆಯಲ್ಲಿದ್ದವು. ಬ್ಲೂಸ್‌ನಲ್ಲಿಯೂ ಲಾನಿ ಜಾನ್ಸನ್ ಅವರಂತಹ ವಾದಕರು 1920ರ ದಶಕದಲ್ಲೇ ಜಾಝ್‌ನ ನಯವನ್ನು ತಂದಿದ್ದರು. ವಿದ್ಯುತ್ ಗಿಟಾರಿನ ದೀರ್ಘ ನಾದದಲ್ಲಿ ಈ ಸ್ವರಮೇಳಗಳು ಹೇಗೆ ಕೇಳುತ್ತವೆ, ಹಾಡಿನ ಸಾಲುಗಳ ನಡುವಿನ ಬಿಡುವಿನಲ್ಲಿ ಅವನ್ನು ಎಲ್ಲಿ ಇಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ತೋರಿಸಿಕೊಟ್ಟವರು ವಾಕರ್. ಮುದ್ರಿಕೆಗಳನ್ನು ಗಮನವಿಟ್ಟು ಕೇಳಿದರೆ, ಅವರು ಸ್ವರಮೇಳಗಳನ್ನು ಎಷ್ಟು ಕಡಿಮೆ ಬಾರಿ ನುಡಿಸುತ್ತಾರೆ ಎಂಬುದೇ ಮೊದಲು ಅರಿವಿಗೆ ಬರುತ್ತದೆ.

ಅವರ ಗಿಟಾರ್ ಬಹುಕಾಲ ಗಿಬ್ಸನ್ ಸಂಸ್ಥೆಯ ಇಎಸ್-250 ಆಗಿತ್ತು. ಬಳಿಕ ಇಎಸ್-5 ಮಾದರಿಯನ್ನು ಬಳಸಿದರು. ಗಿಟಾರನ್ನು ಮೈಗೆ ಒರಗಿಸದೆ, ಅದರ ಮುಖ ಮೇಲಕ್ಕೆ ಬರುವಂತೆ ಬಹುತೇಕ ಅಡ್ಡಲಾಗಿ ಚಾಚಿ ಹಿಡಿಯುವುದು ಅವರ ರೂಢಿ.

ನಂತರದ ವರ್ಷಗಳು

1950ರಿಂದ 1954ರವರೆಗೆ ಇಂಪೀರಿಯಲ್ ಸಂಸ್ಥೆಗಾಗಿ, 1955ರ ಬಳಿಕ ಅಟ್ಲಾಂಟಿಕ್ ಸಂಸ್ಥೆಗಾಗಿ ವಾಕರ್ ಹಾಡಿದರು. ಅಟ್ಲಾಂಟಿಕ್ ಮುದ್ರಣಗಳು 1959ರಲ್ಲಿ 'ಟಿ-ಬೋನ್ ಬ್ಲೂಸ್' ಎಂಬ ಹೆಸರಿನಲ್ಲಿ ಸಂಕಲನಗೊಂಡವು. ಇವುಗಳಲ್ಲಿ ಕೆಲವದರಲ್ಲಿ ಜಾಝ್ ಗಿಟಾರ್ ವಾದಕ ಬಾರ್ನಿ ಕೆಸೆಲ್ ಜೊತೆಗೂಡಿದ್ದಾರೆ. ಹೊಟ್ಟೆಯ ಹುಣ್ಣು ಅವರನ್ನು ದೀರ್ಘಕಾಲ ಕಾಡಿತು. ಕುಡಿತ, ಜೂಜುಗಳೂ ಆರೋಗ್ಯಕ್ಕೆ, ಗಳಿಕೆಗೆ ಎರವಾದವು. 1947ರಲ್ಲಿ ಹ್ಯೂಸ್ಟನ್ ನಗರದ ಬ್ರಾಂಜ್ ಪೀಕಾಕ್ ಕ್ಲಬ್ಬಿನಲ್ಲಿ ಅಸ್ವಸ್ಥರಾಗಿ ಅವರು ವೇದಿಕೆಯಿಂದ ಇಳಿದಾಗ, ಸಭೆಯಲ್ಲಿದ್ದ ತರುಣ ಕ್ಲಾರೆನ್ಸ್ 'ಗೇಟ್‌ಮೌತ್' ಬ್ರೌನ್ ಅವರದೇ ಗಿಟಾರನ್ನು ಎತ್ತಿಕೊಂಡು ನುಡಿಸಿ ಹೆಸರು ಮಾಡಿದರೆಂಬ ಪ್ರಸಂಗವನ್ನು ಬ್ರೌನ್ ಅವರ ಜೀವನವೃತ್ತಾಂತಗಳು ತಪ್ಪದೆ ಹೇಳುತ್ತವೆ.

ರಾಕ್ ಅಂಡ್ ರೋಲ್ ಬಂದ ಮೇಲೆ ಅಮೆರಿಕದಲ್ಲಿ ವಾಕರ್ ಅವರಿಗೆ ಬೇಡಿಕೆ ತಗ್ಗಿತು. ಅವರನ್ನು ಮತ್ತೆ ಕರೆದದ್ದು ಯುರೋಪ್. 1962ರಲ್ಲಿ ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್ ತಂಡದೊಂದಿಗೆ, ಜಾನ್ ಲೀ ಹೂಕರ್, ಮೆಂಫಿಸ್ ಸ್ಲಿಮ್, ವಿಲ್ಲಿ ಡಿಕ್ಸನ್ ಮೊದಲಾದವರ ಜೊತೆ ಅವರು ಪ್ರವಾಸ ಮಾಡಿದರು. ಆ ಪ್ರವಾಸದ ಮ್ಯಾಂಚೆಸ್ಟರ್ ಕಚೇರಿಗೆ ಲಂಡನ್ನಿನಿಂದ ಹೋಗಿದ್ದ ಶ್ರೋತೃಗಳಲ್ಲಿ ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್, ಬ್ರಯಾನ್ ಜೋನ್ಸ್ ಹಾಗೂ ಜಿಮ್ಮಿ ಪೇಜ್ ಇದ್ದರು. ಪ್ಯಾರಿಸ್‌ನಲ್ಲಿ ಮುದ್ರಣಗೊಂಡ 'ಗುಡ್ ಫೀಲಿನ್' ಸಂಪುಟಕ್ಕೆ 1970ರ ಸಾಲಿನ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

1974ರ ಕೊನೆಯಲ್ಲಿ ವಾಕರ್ ಅವರಿಗೆ ಪಾರ್ಶ್ವವಾಯು ತಗುಲಿತು. ಅದರಿಂದ ಚೇತರಿಸಿಕೊಳ್ಳದೆ 1975ರ ಮಾರ್ಚ್ 16ರಂದು, 64ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ನ್ಯುಮೋನಿಯಾದಿಂದ ನಿಧನರಾದರು. ಅವರ ಸಮಾಧಿ ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ ಪಾರ್ಕ್ ಸ್ಮಶಾನದಲ್ಲಿದೆ.

ಪ್ರಭಾವ

ಬಿ. ಬಿ. ಕಿಂಗ್ ಅವರು ವಿದ್ಯುತ್ ಗಿಟಾರಿನತ್ತ ಒಲಿದದ್ದು ಸ್ಟಾರ್ಮಿ ಮಂಡೇ ಹಾಡನ್ನು ಕೇಳಿದ ಬಳಿಕ ಎಂಬುದನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಚಕ್ ಬೆರ್ರಿ ಅವರ ನುಡಿಸಾಣಿಕೆಯಲ್ಲಿಯೂ ವೇದಿಕೆಯ ನಡವಳಿಕೆಯಲ್ಲಿಯೂ ವಾಕರ್ ಅವರ ಛಾಪು ಸ್ಪಷ್ಟವಾಗಿದೆ. ತಲೆಯ ಹಿಂದೆ ಗಿಟಾರ್ ಹಿಡಿಯುವ ಚಮತ್ಕಾರ ಜಿಮಿ ಹೆಂಡ್ರಿಕ್ಸ್ ಅವರ ಮೂಲಕ ಮುಂದಿನ ಪೀಳಿಗೆಗೆ ಪರಿಚಿತವಾಯಿತು.

ಸ್ವರಮೇಳಗಳ ವಿಷಯದಲ್ಲಿ ಮುಂದಿನ ಹೆಜ್ಜೆ ಇಟ್ಟವರು ಗಾಯಕ ಬಾಬಿ ಬ್ಲ್ಯಾಂಡ್ ಅವರ ಗಿಟಾರ್ ವಾದಕ ವೇಯ್ನ್ ಬೆನೆಟ್. 1961ರಲ್ಲಿ ಬ್ಲ್ಯಾಂಡ್ ಇದೇ ಹಾಡನ್ನು ಮುದ್ರಿಸಿದಾಗ, ಆವರ್ತದ ಏಳು ಮತ್ತು ಎಂಟನೆಯ ಬಾರ್‌ಗಳಲ್ಲಿ ಬೆನೆಟ್ ಜಿ ಸ್ವರಮೇಳದ ಮೇಲೆ ನಿಲ್ಲದೆ ಎ ಮೈನರ್, ಬಿ ಮೈನರ್‌ಗಳಿಗೆ ಮೆಟ್ಟಿಲೇರಿ, ಬಿ-ಫ್ಲಾಟ್ ಮೈನರ್ ಮೂಲಕ ಅರ್ಧಸ್ವರ ಅರ್ಧಸ್ವರವಾಗಿ ಎ ಮೈನರ್‌ಗೆ ಇಳಿದರು. 1971ರಲ್ಲಿ ಆಲ್‌ಮನ್ ಬ್ರದರ್ಸ್ ತಂಡ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಹಾಡಿದ್ದು ಬ್ಲ್ಯಾಂಡ್ ಅವರ ಈ ರೂಪವನ್ನು ಅನುಸರಿಸಿ. ಹೀಗಾಗಿ ಇಂದು ಸ್ಟಾರ್ಮಿ ಮಂಡೇ ಸ್ವರಮೇಳಗಳೆಂದು ಕಲಿಸುವ ಪಾಠಗಳಲ್ಲಿ ಎರಡು ಪದರಗಳಿರುತ್ತವೆ. ಜಾರುವ ಒಂಬತ್ತನೆಯದರ ಸ್ವರಮೇಳ ವಾಕರ್ ಅವರದು. ಮೆಟ್ಟಿಲೇರಿ ಇಳಿಯುವ ಮೈನರ್ ಸ್ವರಮೇಳಗಳು ಅವರ ಮೂಲ ಮುದ್ರಣದಲ್ಲಿಲ್ಲ. ಕಲಿಯುವವರು ಎರಡನ್ನೂ ಬೇರ್ಪಡಿಸಿ ಕೇಳುವುದು ಉಪಯುಕ್ತ.

ವಾಕರ್ ಅವರನ್ನು 1980ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್‌ಗೆ, 1987ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಹೆಲೆನ್ ಓಕ್ಲಿ ಡಾನ್ಸ್ ಬರೆದ ಅವರ ಜೀವನಚರಿತ್ರೆ 1987ರಲ್ಲಿ ಪ್ರಕಟವಾಯಿತು. 'ಕಾಲ್ ಇಟ್ ಸ್ಟಾರ್ಮಿ ಮಂಡೇ'ಯ 1947ರ ಮೂಲ ಮುದ್ರಣವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸುವ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿ ಸೇರಿದೆ.